ವನಜಾಳ ಕಣ ಮತ್ತು ನಿಂಗಯ್ಯ ತಾತನ ಮುಖ

ವನಜಾಳನ್ನು ನಾನು ಮೊದಲು ಮಾತಾಡಿಸಿದ್ದೇ ಜಗಳ ಆಡಲಿಕ್ಕೆ.

ಮಗಳು ಮೋಕ್ಷಿತ ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದಳು. ಚಿಕ್ಕವನನ್ನು ತೊಟ್ಟಿಲಿಗೆ ಹಾಕಿ, ಹಾಲು ಕಾಯಿಸಿಕೊಂಡು ನಡುಮನೆಗೆ ಬಂದರೆ ಇವಳು ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಂತಿದ್ದಾಳೆ. ಲಂಗ ಮುಖದ ಮೇಲೆ ಬಿದ್ದಿದೆ. ಹಬ್ಬಕ್ಕೆಂದು ಹಸಿರು ಬಣ್ಣ ಹೊಡೆಸಿದ್ದ ಗೋಡೆಯ ಮೇಲೆ ಎರಡು ಹಿಮ್ಮಡಿಯ ಗುರುತು, ಕೆಸರು ಸಮೇತ.

"ಏನೇ ಇದು ಅವತಾರ?"

"ಫ್ರೀಜ್ ಕಣಮ್ಮ, ಅಲ್ಲಾಡ್ದಂಗೆ ನಿಲ್ಲೋದು," ಅಂದಿತು ಲಂಗದೊಳಗಿನ ದನಿ. "ವನಜಕ್ಕ ಯೋಳ್ಕೊಟ್ಟವ್ರೆ. ಈಗ ಮಾತಾಡುಸ್ಬ್ಯಾಡ, ಬಿದ್ದೋಯ್ತೀನಿ."

ಮುಂದಿನ ಭಾನುವಾರ ಚಿಕ್ಕವನನ್ನು ಸೊಂಟಕ್ಕೆ ಏರಿಸಿಕೊಂಡು ನೇರ ಕಾಲೋನಿಗೆ ಹೋದೆ. ನಮ್ಮ ಹುಣಸೇದೊಡ್ಡಿ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಳಕ್ಕಿದೆ. ನಮ್ಮದು ಮೇಲಿನ ಬೀದಿ. ಕಾಲುವೆ ದಾಟಿದರೆ ಕಾಲೋನಿ, ಅದರ ತುದಿಯಲ್ಲಿ ಅಂಬೇಡ್ಕರ್ ಭವನ, ವನಜಾ ಭಾನುವಾರ ಮಕ್ಕಳಿಗೆ ಕುಣಿತ ಕಲಿಸುವ ಜಾಗ. ನಾನು ಈ ಊರಿಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಆ ಭವನದೊಳಗೆ ಕಾಲಿಟ್ಟಿರಲಿಲ್ಲ. ಮಗಳು ಅದಾಗಲೇ ಅಲ್ಲಿ ನೆಲ ಒರೆಸುವಷ್ಟು ಬಳಕೆಯಾಗಿದ್ದಳು.

ಬಾಗಿಲಲ್ಲೇ ವನಜಾ ಎದುರಾದಳು. ಸಣಕಲು ಮೈ, ದೊಗಳೆ ಪ್ಯಾಂಟು, ಎತ್ತಿ ಕಟ್ಟಿದ ಜಡೆ, ಹಣೆಗೆ ಚಿಕ್ಕ ಬೊಟ್ಟು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಬನ್ನಿ ಅಕ್ಕ, ಚಪ್ಪಲಿ ಬುಟ್ಬುಟ್ಟು ಬನ್ನಿ. ಮಗೂನ ಅಮ್ಮನ ಕೈಲಿ ಕೊಡಿ," ಅಂದಳು. ಅವಳ ತಾಯಿ ಪಟ್ಟಲಮ್ಮ ಆಗಲೇ ಕೈ ಚಾಚಿದ್ದರು. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವರು ಅವರೇ. ಚಿಕ್ಕವನು ಅವರ ಕೊರಳ ಸರ ಹಿಡಿದು ಸುಮ್ಮನಾದ.

ವನಜಾ ಮೋಕ್ಷಿತಳನ್ನು ತಲೆಕೆಳಗಾಗಿ ಅಂಗೈ ಊರಿಸಿ ನಿಲ್ಲಿಸಿ, "ಈಗ ನಿಮ್ಮ ಮಗಳ ಕತ್ತು ಮುಟ್ಟಿ ನೋಡಿ. ಬಿಗಿ ಅದಾ?" ಅಂದಳು.

ಮುಟ್ಟಿದೆ. ಕತ್ತು ಹೂವಿನ ದಂಟಿನ ಹಾಗೆ ಮೆತ್ತಗಿತ್ತು. ಭಾರವೆಲ್ಲ ಅಂಗೈಗೆ, ಭುಜಕ್ಕೆ ಇಳಿದಿತ್ತು.

"ಕತ್ತಿಗೆ ಭಾರ ಬಿದ್ದ ದಿನ ನಾನೇ ಮನೇಗೆ ಕಳುಸ್ತೀನಿ. ಇನ್ನ ಗೋಡೆ ವಿಷ್ಯ. ಮೋಕ್ಷಿ ಯೋಳವ್ಳೆ. ನಾವು ಬಂದು ಬಣ್ಣ ಹೊಡ್ಕೊಡ್ತೀವಿ."

ಹೇಳಿದ ಹಾಗೆ ಮಕ್ಕಳನ್ನು ಕಟ್ಟಿಕೊಂಡು ಬಂದೇ ಬಂದಳು. ಹಸಿರು ಸಿಗಲಿಲ್ಲವೆಂದು ನೀಲಿ ಹೊಡೆದರು. ಹಸಿರು ಗೋಡೆಯ ನಡುವೆ ಕೆರೆಯ ಹಾಗೆ ಆ ನೀಲಿ ಈಗಲೂ ಇದೆ. ನನ್ನ ಗಂಡ ಪುನೀತ್ ಸೋಮನಹಳ್ಳಿಯ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದು ಅದನ್ನು ನೋಡಿ, "ಜಗ್ಳ ಆಡಕ್ಕೋಗಿ ಗೋಡೆ ಬರ್ಸ್ಕೊಂಡು ಬಂದ್ಯಾ?" ಎಂದು ನಕ್ಕರು. ಅಂದಿನಿಂದ ನಾನು ವನಜಾಳ ಕಡೆಯವಳಾದೆ.

ಅವಳ ಬಗ್ಗೆ ಬರೆದಿಡಬೇಕು ಅನ್ನಿಸಿ ಬಹಳ ದಿನವಾಗಿತ್ತು. ಮಕ್ಕಳು ಮಲಗಿದಾಗ ಡೈರಿಯಲ್ಲಿ ಎರಡು ಸಾಲು ಗೀಚುವುದು ನನ್ನ ಅಭ್ಯಾಸ. ಎರಡು ಸಾಲಿಗೆ ಅವಳು ಹಿಡಿಸುವುದಿಲ್ಲ.

ಅವಳ ಅಪ್ಪ ಲಿಂಗಯ್ಯ ಕಬ್ಬಿನ ಲೋಡು ತುಂಬಿಸುವ ಮೇಸ್ತ್ರಿ. ಮಗಳನ್ನು ಓದಿಸಲೇಬೇಕು ಎಂದು ಮಂಡ್ಯದ ಹಾಸ್ಟೆಲಿಗೆ ಹಾಕಿದರು. ಡಿಗ್ರಿ ಓದುವಾಗ ಬೆಳಗಿನ ಹೊತ್ತು ಮೈದಾನದಲ್ಲಿ ಓಡಲು ಹೋಗುತ್ತಿದ್ದ ವನಜಾ, ಗ್ಯಾಲರಿಯ ಕೆಳಗೆ ಕೆಲವು ಹುಡುಗರು ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿ ಅದರ ಮೇಲೆ ಬೆನ್ನು ಕೊಟ್ಟು ಗಿರಗಿರ ತಿರುಗುವುದನ್ನು ಕಂಡಳಂತೆ. ಮೊದಮೊದಲು ದೂರದಿಂದ ನೋಡಿದ್ದು, ಆಮೇಲೆ ಹತ್ತಿರದಿಂದ. ಒಂದು ದಿನ ಹೋಗಿ, "ನಂಗೂ ಯೋಳ್ಕೊಡಿ," ಅಂದಳು. ಹುಡುಗರು ನಕ್ಕರು. ಅದರಲ್ಲೊಬ್ಬ, "ನಿಮ್ಮ ಹಾಸ್ಟೆಲ್ ಕಾರಿಡಾರಲ್ಲಿ ಮೊದ್ಲು ಕೈ ಮೇಲೆ ನಡ್ಕೊಂಡು ಬಾ, ನೋಡಾಣ," ಅಂದನಂತೆ. ಹಾಸ್ಟೆಲಿನ ಕಾರಿಡಾರಿನಲ್ಲಿ ವಾರ್ಡನ್ ಬೈಯುವವರೆಗೂ ಕೈ ಮೇಲೆ ನಡೆದು, ಮತ್ತೆ ಅವರ ಮುಂದೆ ಹೋಗಿ ನಿಂತಳು. ಆಮೇಲೆ ಅವರಲ್ಲಿ ಯಾರೂ ನಗಲಿಲ್ಲ.

ಹಿಪ್‌ಹಾಪ್ ಅಂದರೆ ಟೀವಿಯಲ್ಲಿ ಚಿನ್ನದ ಸರ ಹಾಕಿಕೊಂಡು ಬೈಯುವ ಹಾಡು ಎಂದು ತಿಳಿದಿದ್ದವಳು ನಾನು. ವನಜಾ ಹೇಳಿದ್ದು ಬೇರೆ. ಬಡವರ ಬೀದಿಯಲ್ಲಿ, ಕೈಗೆ ಸಿಕ್ಕ ಸಾಮಾನಿನಲ್ಲಿ ಹುಟ್ಟಿದ್ದಂತೆ ಇದು. ಕುಣಿತ, ಮಾತು ಕಟ್ಟುವುದು, ಗೋಡೆ ಮೇಲೆ ಅಕ್ಷರ ಬರೆಯುವುದು, ತಾಳ ಹಾಕುವುದು, ನಾಲ್ಕೂ ಸೇರಿದರೆ ಅದು. ಸುತ್ತ ಜನ ನಿಂತು ನಡುವೆ ಒಬ್ಬರೇ ಕುಣಿಯುವ ಜಾಗಕ್ಕೆ ಅವರಲ್ಲಿ ಏನೋ ಹೆಸರಿದೆ. ನಮ್ಮ ಮಕ್ಕಳು ಅದನ್ನು ಕಣ ಅನ್ನುತ್ತಾರೆ. ರಾಗಿ ಬಡಿಯುವ ಕಣ ನೋಡಿದ ಮಕ್ಕಳಿಗೆ ಬೇರೆ ಹೆಸರು ಯಾಕೆ ಬೇಕು?

ಆ ಕಣಕ್ಕೆ ವನಜಾಳ ಕಟ್ಟುಪಾಡುಗಳಿವೆ. ಯಾರಾದರೂ ಬಿದ್ದರೆ ನಗಬಾರದು. ಮುಂದೆ ಕುಣಿಯಲು ಬರುವವರು ಬಿದ್ದವರನ್ನು ಎತ್ತಿಯೇ ಕಣಕ್ಕಿಳಿಯಬೇಕು. ಕುಣಿಯುವ ಮೊದಲು ಊರಿನ ಒಂದು ಕೆಲಸ ಮುಗಿಸಬೇಕು. ಇದೇ ಫೀಸು. ಮಕ್ಕಳು ನೀರಿನ ತೊಂಬೆ ಸುತ್ತ ಪಾಚಿ ಕೆರೆದಿದ್ದಾರೆ, ಅಂಗನವಾಡಿ ಗೋಡೆಗೆ ಕಾಗುಣಿತ ಬರೆದಿದ್ದಾರೆ. ಬಸ್ ಸ್ಟಾಪಿನಲ್ಲಿ ಬಸ್ಸಿನ ವೇಳೆಯನ್ನು ಅಕ್ಷರಗಳನ್ನು ಉಬ್ಬಿಸಿ, ತಿರುಚಿ, ಬಣ್ಣಬಣ್ಣವಾಗಿ ಬರೆದರು. ನೋಡಲು ಚೆಂದವೋ ಚೆಂದ. ಆದರೆ ಬಸ್ಸಿಗೆ ಬಂದ ನಮ್ಮೂರಿನ ಮರಿತಾಯಮ್ಮ ಅದರ ಮುಂದೆ ನಿಂತು, "ಇದೇನು ಬಸ್ಸೋ ಜಿಲೇಬಿಯೋ?" ಅಂದರು. ವನಜಾ ಅಂದೇ ಮಕ್ಕಳಿಂದ ಅದನ್ನೆಲ್ಲ ಅಳಿಸಿ, ಸಾದಾ ಅಕ್ಷರದಲ್ಲಿ ಬರೆಸಿದಳು. "ಓದಕ್ಕಾಗ್ದೆ ಇದ್ರೆ ಅದು ನಮಗೋಸ್ಕರ ಬರ್ಕೊಂಡಿದ್ದು ಕಣ್ರೋ, ಊರಿಗಲ್ಲ," ಎಂದಳು. ಕಾಲೋನಿ ಬೀದಿಯ ನಲ್ಲಿಯ ವಾಲ್ವ್ ಕೆಟ್ಟು ನೀರೆಲ್ಲ ಮೋರಿಗೆ ಹರಿಯುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಅರ್ಪಿತ ಹಾಡು ಕಟ್ಟಿದಳು:

ನಲ್ಲಿ ತಿರುಗ್ಸು, ನಲ್ಲಿ ತಿರುಗ್ಸು, ನೀರು ಓಯ್ತದೆ ಮೋರಿಗೆ,
ಒತ್ತಾರೆ ಎದ್ದು ಬಿಂದ್ಗೆ ಇಡ್ಕಂಡು ಬಯ್ತೀಯಲ್ಲ ಯಾರಿಗೆ?

ನೀರುಗಂಟಿಯ ಮನೆ ಮುಂದೆ ಮಕ್ಕಳು ಚಪ್ಪಾಳೆ ತಟ್ಟಿಕೊಂಡು ಇದನ್ನೇ ಹಾಡಿದರು. ಆತ ನಗುತ್ತಲೇ ಸ್ಪಾನರ್ ಹುಡುಕಿದ.

ಇನ್ನು ನೆಲದ ವಿಷಯ. ಭವನದ ಗಾರೆ ಎದ್ದು ತರಕಲಾಗಿದೆ. ಅದರ ಮೇಲೆ ತಿರುಗಿದರೆ ಅಂಗೈ ಸುಲಿಯುತ್ತದೆ. ವನಜಾ ಹೊಟ್ಟೆಪಾಡಿಗೆ ಕೆಲಸ ಮಾಡುವುದು ಮದ್ದೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ, ಡಿಸೈನ್ ಮಾಡುವುದು. ನಮ್ಮ ಸೀಮೆಯಲ್ಲಿ ಫ್ಲೆಕ್ಸ್ ಇಲ್ಲದೆ ಯಾವುದೂ ನಡೆಯುವುದಿಲ್ಲ. ಹುಟ್ಟುಹಬ್ಬ, ಕಿವಿ ಚುಚ್ಚುವುದು, ಹೋರಿಗೆ ಬಹುಮಾನ ಬಂದದ್ದು, ಹೊಸ ಬೈಕು, ಕೊನೆಗೆ ತಿಥಿ. "ವನಜಾ ಮೊಕ ತೊಳ್ದುಕೊಡ್ತಾಳೆ," ಎಂದು ಗಿರಾಕಿಗಳು ಹೇಳುತ್ತಾರೆ. ಬಿಸಿಲಿಗೆ ಕಪ್ಪಾದ ಮುಖಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಬೆಳಗುವುದರಲ್ಲಿ ಅವಳ ಕೈ ಪಳಗಿದೆ. ಕೆಲಸ ಮುಗಿದ ಫ್ಲೆಕ್ಸುಗಳನ್ನು ಕೇಳಿ ತಂದು, ಗೋಣಿಚೀಲದ ಮೇಲೆ ಹಾಸಿದರೆ ನುಣ್ಣನೆ ಕಣ ತಯಾರು.

ಅದಕ್ಕೂ ಒಂದು ನಿಯಮವಿತ್ತು. ಚಿತ್ರದ ಮಗ್ಗುಲು ಕೆಳಗೆ, ಬಿಳಿ ಮಗ್ಗುಲು ಮೇಲೆ. "ಯಾರ ಮೊಕಾನೂ ನಮ್ಮ ಕಾಲಿಗೆ ಸಿಗಬಾರ್ದು," ಎಂದು ವನಜಾ ಮೊದಲ ದಿನವೇ ಹೇಳಿಕೊಟ್ಟಿದ್ದಳು. ದೊಡ್ಡ ದೊಡ್ಡ ಮುಖಂಡರೆಲ್ಲ ಹುಣಸೇದೊಡ್ಡಿಯ ಭವನದಲ್ಲಿ ಬೋರಲು ಮಲಗಿ ನಮ್ಮ ಮಕ್ಕಳನ್ನು ಹೊತ್ತರು. ಯಾರಿಗೂ ತಕರಾರು ಇರಲಿಲ್ಲ.

ತಕರಾರು ಹುಟ್ಟಿದ್ದು ನಿಂಗಯ್ಯ ತಾತನಿಂದ.

ನಿಂಗಯ್ಯ ತಾತ ನಮ್ಮ ಪಕ್ಕದ ಮನೆಯವರು, ಪುನೀತ್‌ಗೆ ದೊಡ್ಡಪ್ಪನಾಗಬೇಕು. ಹೋದ ಕಾರ್ತೀಕದಲ್ಲಿ ತೀರಿಕೊಂಡರು. ಜಗುಲಿಯ ಕಂಬಕ್ಕೆ ಒರಗಿ ಕೂತು, ಶಾಲೆಗೆ ಹೋಗುವ ಮೋಕ್ಷಿತಳಿಗೆ ದಿನಾ ಹುರಿಗಡಲೆ ಕೊಡುತ್ತಿದ್ದವರು. ಅವರ ತಿಥಿಯ ಫ್ಲೆಕ್ಸು ಮಾಡಿದ್ದೂ ವನಜಾಳೇ. ಮಗ ಶಿವರಾಜು ಕೊಟ್ಟಿದ್ದು ಒಂದು ಮದುವೆಯ ಗುಂಪಿನ ಫೋಟೋ. ತಾತನ ಭುಜದ ಮೇಲೆ ಯಾರದೋ ಮೊಣಕೈ ಬಂದಿತ್ತು. ವನಜಾ ಮೊಣಕೈ ತೆಗೆದು, ಶಿವರಾಜು ಭಾವನ ಫೋನಿಗೆ ಕರೆ ಮಾಡಿ, ತಾತನ ಹೆಂಡತಿ ಸಣ್ಣತಾಯಮ್ಮ ದೊಡ್ಡವ್ವನ ಕೈಗೆ ಕೊಡಿಸಿ, "ಅವ್ವ, ತಾತ ಮೀಸೆ ಯಾವ ಕಡೆ ಜಾಸ್ತಿ ತಿರುವ್ತಿದ್ರು?" ಎಂದು ಕೇಳಿದ್ದಳು. ಗಂಡ ಹೋದ ದುಃಖದಲ್ಲಿದ್ದ ದೊಡ್ಡವ್ವ, "ಬಲಗಡೆ ಕಣವ್ವ," ಅಂದವರು, ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಇಂಗೆ ಯಾರೂ ಕೇಳಿರ್ನಿಲ್ಲ ನೋಡು," ಎಂದಿದ್ದರು.

ತಿಥಿ ಮುಗಿಯಿತು. ಫ್ಲೆಕ್ಸು ಎಲ್ಲ ಫ್ಲೆಕ್ಸುಗಳು ಹೋಗುವ ದಾರಿಯಲ್ಲೇ ಹೋಯಿತು. ಶಿವರಾಜು ಭಾವ ಅದನ್ನು ಹಿತ್ತಲಿನ ಹುಲ್ಲುಮೆದೆಗೆ ಹೊದಿಸಿದರು. ಹೊಸ ಹುಲ್ಲು ಬಂದಾಗ ಆಳು ಅಂಕಯ್ಯ ಅದನ್ನು ಸುತ್ತಿ, ಭವನದ ಮಕ್ಕಳ ಕೈಗೆ ಕೊಟ್ಟ.

ಆ ಭಾನುವಾರ ಅಂಗಡಿಯಲ್ಲಿ ಅವಸರದ ಕೆಲಸವಿತ್ತೆಂದು ವನಜಾ ತಡವಾಗಿ ಬಂದಳು. ಮಕ್ಕಳೇ ಕಣ ಹಾಸಿಕೊಂಡು ಶುರು ಮಾಡಿದ್ದರು. ಅರ್ಪಿತ ವಿಡಿಯೋ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಒಬ್ಬ ಹುಡುಗ ಬೆನ್ನ ಮೇಲೆ ಬುಗುರಿಯಂತೆ ತಿರುಗುತ್ತಾನೆ, ಸುತ್ತ ಮಕ್ಕಳು ಓ ಎಂದು ಕೂಗುತ್ತಾರೆ, ಅವನ ಕಾಲುಗಳ ನಡುವೆ ಬಿಳಿ ಮೀಸೆಯ ನಿಂಗಯ್ಯ ತಾತ ಆಕಾಶ ನೋಡಿಕೊಂಡು ನಗುತ್ತಿದ್ದಾರೆ. ವನಜಾ ಬಂದವಳೇ ಫ್ಲೆಕ್ಸ್ ಎತ್ತಿಸಿದಳು, ಸ್ಟೇಟಸ್ ಅಳಿಸಿದಳು. ಅಷ್ಟರಲ್ಲಿ ಅದು ಮಳವಳ್ಳಿಯ ಟೀ ಅಂಗಡಿಯೊಂದರಲ್ಲಿ ಕೂತಿದ್ದ ಶಿವರಾಜು ಭಾವನ ಫೋನು ತಲುಪಿಯಾಗಿತ್ತು.

ಸಂಜೆ ಭಾವನ ಬೈಕು ನೇರ ಭವನದ ಮುಂದೆ ನಿಂತಿತು. ನಾನು ಮೋಕ್ಷಿತಳನ್ನು ಕರೆತರಲು ಹೋಗಿದ್ದೆ.

"ಏನಮ್ಮಿ ವನಜಾ, ನಮ್ಮಪ್ಪನ ಮೊಕಾನೇ ಬೇಕಾಗಿತ್ತಾ ನಿಮಗೆ ತುಳಿಯಕ್ಕೆ?"

"ತಪ್ಪಾಯ್ತು ಅಣ್ಣ. ನಾನು ಇರ್ನಿಲ್ಲ. ಇದ್ದಿದ್ರೆ ಇಂಗಾಯ್ತಿರ್ನಿಲ್ಲ."

"ಯಾವನ್ಲಾ ಅಂಗೆ ಹಾಸಿದ್ದು? ಯೋಳ್ರಲಾ!" ಎಂದು ಮಕ್ಕಳ ಕಡೆ ತಿರುಗಿದರು. ಮಕ್ಕಳು ಗೋಡೆಯ ಕಡೆ ಸರಿದರು.

ವನಜಾ ನಡುವೆ ಬಂದು ನಿಂತಳು. "ಮಕ್ಕಳ್ನ ಕೇಳ್ಬ್ಯಾಡಿ. ಕ್ಲಾಸು ನಂದು, ತಪ್ಪೂ ನಂದೇ."

"ಅಂಗಾದ್ರೆ ಮಕ್ಳನ್ನೆಲ್ಲ ಸಾಲಾಗಿ ನಿಲ್ಸಿ, ಕೈ ಮುಗ್ಸಿ, ತಪ್ಪಾಯ್ತು ಅನ್ಸಿ ವಿಡಿಯೋ ಆಕು. ಎಲ್ಲಿ ಮಾನ ಓಯ್ತೋ ಅಲ್ಲೇ ಬರ್ಲಿ."

"ನಾನು ಮನೇಗೆ ಬಂದು ಅವ್ವನ ಕಾಲು ಮುಟ್ತೀನಿ. ಮಕ್ಕಳ ವಿಡಿಯೋ ಮಾತ್ರ ಆಗಲ್ಲ ಅಣ್ಣ. ಅದು ಅವ್ರು ದೊಡ್ಡೋರಾಗಿ ಮದ್ವೆ ಆಗೋವರ್ಗೂ ಫೋನಲ್ಲಿ ಓಡಾಡ್ತದೆ."

ಅವಳ ದನಿ ಏರಲಿಲ್ಲ, ಇಳಿಯಲೂ ಇಲ್ಲ. ಭಾವ ಬೈಕು ಒದ್ದು ಹೊರಟುಹೋದರು.

ಮಾರನೆಯ ದಿನ ಭವನಕ್ಕೆ ಬೀಗ ಬಿತ್ತು. ಹಾಕಿದ್ದು ಭವನದ ಕಮಿಟಿಯ ಮಹದೇವಯ್ಯ, ಕಾಲೋನಿಯವರೇ, ವನಜಾಳಿಗೆ ಸೋದರಮಾವನಾಗಬೇಕು. "ನಿನ್ ಮೇಲೆ ಕ್ವಾಪ ಇಲ್ಲ ಮಗ. ಊರಿಗೂ ನಮಗೂ ಮಾತು ಬೆಳೀಬಾರ್ದು. ಸಿವ್ರಾಜು ಸಮಾಧಾನ ಆಗ್ಲಿ, ಆಮ್ಯಾಕೆ ಕೀ ಇಸ್ಕೊ," ಅಂದರಂತೆ. ಮೇಲಿನ ಬೀದಿಯ ಮನೆಗಳಲ್ಲೂ ಒಂದೊಂದಾಗಿ, "ಇನ್ನ ಕಳ್ಸಲ್ಲ," ಎಂಬ ಮಾತು ಹುಟ್ಟಿತು. ವನಜಾಳ ಕಣದಲ್ಲಿ ಎರಡೂ ಬೀದಿಯ ಮಕ್ಕಳು ಒಬ್ಬರನ್ನೊಬ್ಬರು ಎತ್ತಿ ನಿಲ್ಲಿಸುತ್ತಿದ್ದರು. ಊರಿನಲ್ಲಿ ಬೇರೆಲ್ಲೂ ಆ ನೋಟವಿಲ್ಲ. ಅದು ಒಡೆದರೆ ಮತ್ತೆ ಕೂಡಿಸುವುದು ಸುಲಭವಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಮ್ಮ ಮನೆ ಬಾಗಿಲಿಗೆ ಬಂದು ವನಜಾ, "ಅಕ್ಕ, ನಾಳಿದ್ದು ಸಿವ್ರಾಜಣ್ಣನ ಅವ್ವನ ಮನೇಗೆ ಓಗ್ತೀನಿ. ನೀವು ಜೊತೇಲಿ ಬತ್ತೀರಾ? ಮಾತಾಡಕ್ಕೇನಲ್ಲ, ಸುಮ್ನೆ ಪಕ್ಕದಲ್ಲಿ ನಿಂತಿದ್ರೆ ಸಾಕು," ಅಂದಳು.

"ಮೆದೆ ಮೇಲೆ ಹೊದ್ಸಿದ್ದು ಭಾವನೇ ಅಲ್ವಾ? ಮಳೇಲಿ ಬಿಸ್ಲಲ್ಲಿ ಬಿದ್ದಿತ್ತು ಆ ಫ್ಲೆಕ್ಸು. ಅದನ್ನ ಯೋಳ್ಬೇಕಾಗಿತ್ತು ನೀನು!" ನನಗೆ ಸಿಟ್ಟಿತ್ತು.

ಅವಳು ನಕ್ಕಳು. "ಯೋಳಿದ್ರೆ ನಾನು ಗೆಲ್ತಿದ್ದೆ ಅಕ್ಕ. ಮಕ್ಕಳು ಬತ್ತಿರ್ನಿಲ್ಲ."

ಅಂದು ಸಂಜೆ ಮೋಕ್ಷಿತಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ. ಸೀಗೆಪುಡಿ ಕಣ್ಣಿಗೆ ಬೀಳದಿರಲೆಂದು ಅಂಗೈಯಿಂದ ಮುಖ ಮುಚ್ಚಿ ತಲೆ ಬಗ್ಗಿಸಿದೆ. ಅವಳು ಒದರಿದಳು:

"ಬೋರಲು ಮಾಡ್ಬ್ಯಾಡ ಕಣಮ್ಮ, ಉಸ್ರು ಕಟ್ತದೆ! ತಾತಂಗೂ ಅದ್ಕೇ ನಾನು ಮಾಡ್ನಿಲ್ಲ."

ತಂಬಿಗೆ ಕೆಳಗಿಟ್ಟೆ. "ಯಾವ ತಾತಂಗೆ?"

"ನಿಂಗಯ್ಯ ತಾತಂಗೆ. ಬೇರೆ ಫ್ಲೆಕ್ಸ್ ಎಲ್ಲ ಬೋರಲು ಹಾಸ್ದೋ. ಅವ್ರು ಯಾರೋ ಏನೋ. ತಾತನ್ನ ನೆಲಕ್ಕೆ ಮೊಕ ಮಾಡಿ ಎಂಗೆ ಮಲಗ್ಸೋದು? ಅದ್ಕೇ ನಾನೇ ಮ್ಯಾಲೆ ಮೊಕ ಮಾಡಿ ಹಾಸ್ದೆ. ನಮ್ಮ ಡ್ಯಾನ್ಸೂ ನೋಡ್ತಾರೆ ಅಂತ."

ಬೆನ್ನುಜ್ಜಿದೆ, ನೀರು ಹಾಕಿದೆ, ಟವಲು ಸುತ್ತಿ ಮಡಿಲಿಗೆ ಎಳೆದುಕೊಂಡೆ. ಊರೆಲ್ಲ ಅವಮಾನ ಎಂದು ತಿಳಿದಿದ್ದನ್ನು ಈ ಕೂಸು ಮರ್ಯಾದೆ ಎಂದು ಮಾಡಿತ್ತು.

ಬೆಳಗಾಗುತ್ತಲೇ ವನಜಾಳಿಗೆ ಫೋನು ಮಾಡಿದೆ. ಮೋಕ್ಷಿತ ಹೇಳಿದ್ದನ್ನೆಲ್ಲ ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಮೋಕ್ಷಿ ಹೆಸ್ರು ಅಲ್ಲಿ ಎತ್ಬ್ಯಾಡಿ ಅಕ್ಕ. ಸಿವ್ರಾಜಣ್ಣನ ಕ್ವಾಪಕ್ಕೆ ಮಗೂನ ಮುಂದೆ ನಿಲ್ಸೋದು ಬ್ಯಾಡ. ನಾನು ನೋಡ್ಕೊತೀನಿ," ಅಂದಳು. ನಾನೂ ಒಪ್ಪಿದೆ. ಮೋಕ್ಷಿತಳನ್ನು ಮನೆಯಲ್ಲೇ ಬಿಟ್ಟು ಹೋಗುವುದೆಂದೇ ಇದ್ದೆ. ಆದರೆ ಪಕ್ಕದ ಮನೆಗೆ ಹೋಗುವ ತಾಯಿಯ ಸೆರಗು ಬಿಡುವ ಮಗು ಎಲ್ಲಿದೆ?

ಮಾರನೆಯ ದಿನ ನಾವು ಹೋದಾಗ ಸಣ್ಣತಾಯಮ್ಮ ದೊಡ್ಡವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಶಿವರಾಜು ಭಾವ ಬಾಗಿಲ ಬಳಿ ನಿಂತು ವಿಡಿಯೋ ತೆಗೆಯಲು ಫೋನು ಮೇಲೆತ್ತಿದರು. ವನಜಾ ಅಂಗಳದಲ್ಲೇ ನಿಂತಳು. ಕಂಕುಳಲ್ಲಿ ಸುತ್ತಿದ ಫ್ಲೆಕ್ಸು.

"ಅಣ್ಣ, ಫೋನು ಕೆಳಗಿಡಿ. ನಾನು ಅವ್ವನ ಹತ್ರ ಮಾತಾಡಕ್ಕೆ ಬಂದಿರೋದು, ಫೋನ್ ಹತ್ರ ಅಲ್ಲ."

"ಇಡ್ಲಾ ಅತ್ಲಾಗೆ," ಅಂದರು ದೊಡ್ಡವ್ವ, ತಲೆ ಎತ್ತದೆ. ಭಾವ ಇಳಿಸಿದರು.

"ಅವ್ವ, ತಾತನ ಮೊಕದ ಮೇಲೆ ನನ್ನ ಕ್ಲಾಸಲ್ಲಿ ಕಾಲು ಬಿತ್ತು. ತಪ್ಪಾಯ್ತು."

ದೊಡ್ಡವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಆಸಿದ್ದು ಯಾರು?"

"ನಾನೇ ಅವ್ವ."

"ಸುಳ್ಳು ಬೊಗುಳ್ಬ್ಯಾಡ. ನೀನು ಆ ದಿನ ಮದ್ದೂರಲ್ಲಿದ್ದೆ ಅಂತ ಇಡೀ ಊರಿಗೆ ಗೊತ್ತು."

ನಾನು ಮೋಕ್ಷಿತಳ ಕೈ ಬಿಗಿಯಾಗಿ ಹಿಡಿದೆ. ಅವಳು ಬಿಡಿಸಿಕೊಂಡಳು. ಬಿದ್ದವರನ್ನು ಎತ್ತದೆ ಕಣಕ್ಕಿಳಿಯಬಾರದು ಎಂದು ಅವಳಿಗೆ ಕಲಿಸಿದ್ದು ವನಜಾಳೇ ಅಲ್ಲವೇ?

"ಅಜ್ಜಿ, ನಾನು ಹಾಸಿದ್ದು."

ಭಾವ ನನ್ನ ಕಡೆ ನೋಡಿದರು. ಮೋಕ್ಷಿತ ಅಂಗಳದ ನಡುವೆ ನಿಂತು, ಬಚ್ಚಲಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದಳು. ಬೋರಲು ಮಲಗಿಸಿದರೆ ತಾತನಿಗೆ ಉಸಿರು ಕಟ್ಟುತ್ತದೆ, ಡ್ಯಾನ್ಸು ಕಾಣುವುದಿಲ್ಲ, ಅದಕ್ಕೇ.

ದೊಡ್ಡವ್ವ ಕೈಸನ್ನೆ ಮಾಡಿ ಅವಳನ್ನು ಹತ್ತಿರ ಕರೆದರು. ಆಮೇಲೆ ಕೇಳಿದರು, "ಆಸ್ಬುಟ್ಟು ನೀನೂ ತುಳಿದ್ಯಾ ಮಗ?"

"ನಾನು ಮೊಕ ತುಳೀನಿಲ್ಲ ಅಜ್ಜಿ. ಪಂಚೆ ಮೇಲೆ ನಿಂತ್ಕೊಂಡಿದ್ದೆ."

ಮೊದಲು ನಕ್ಕಿದ್ದು ದೊಡ್ಡವ್ವನೇ. ಮಡಿಲಿನ ಅವರೆಕಾಳೆಲ್ಲ ಜಗುಲಿಗೆ ಚೆಲ್ಲಿತು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು.

"ಕೇಳ್ದೇನ್ಲಾ ಸಿವ್ರಾಜು? ಈ ಕೂಸಿಗೆ ಇರೋ ಗ್ಯಾನ ನಿಂಗಿರ್ನಿಲ್ಲ. ನಿಮ್ಮಪ್ಪನ್ನ ತಕ್ಕೊಂಡೋಗಿ ಉಲ್ಲುಮೆದೆ ಮ್ಯಾಲೆ ಹೊದ್ಸಿದ್ಯಲ್ಲ, ಕೋಳಿಗಳು ಅತ್ತಿ ಇಳಿದ್ವಲ್ಲ, ಆಗ ಎಲ್ಲೋಗಿತ್ತು ನಿನ್ ಮಾನ? ನಾನು ದಿನಾ ನೋಡ್ತಿದ್ದೆ, ಬಾಯಿ ಬುಡ್ನಿಲ್ಲ."

"ಅದು ಫ್ಲೆಕ್ಸು ಕಣವ್ವ... ಎಲ್ರೂ ಅಂಗೇ..."

"ನಂಗೂ ಅದೇ ಅನ್ಸಿದ್ದು, ಫ್ಲೆಕ್ಸು ತಾನೇ ಅಂತ. ಅಂಗಂದ್ಮೇಲೆ ಮಕ್ಳಿಗೆ ಯಾಕ್ಲಾ ಬಯ್ತೀಯ?"

ಭಾವ ಕಾಲ ಬೆರಳಿನಿಂದ ನೆಲ ಕೆರೆದರು. ವನಜಾ ಆಗಲೂ ಮೆದೆಯ ಮಾತಿಗೆ ತಲೆಯಾಡಿಸಲಿಲ್ಲ. ಫ್ಲೆಕ್ಸನ್ನು ಮುಂದೆ ಚಾಚಿ, "ಇದು ನಿಮ್ದು ಅವ್ವ. ತೊಳ್ದು ಒರೆಸಿ ತಂದಿದೀನಿ," ಅಂದಳು.

"ಅಲ್ಲಿ ನಿಂತ್ಕಂಡು ಯಾಕಮ್ಮಿ ಕೊಡ್ತೀಯ? ಮ್ಯಾಲೆ ಬಾ, ಜಗ್ಲಿ ಮ್ಯಾಲೆ ಬಿಚ್ಚು."

ವನಜಾ ಕಾಲು ತೊಳೆದು ಜಗುಲಿ ಹತ್ತಿದಳು. ಆ ಮನೆಯ ಜಗುಲಿಯನ್ನು ಅವಳು ಹತ್ತಿದ್ದು ಅದೇ ಮೊದಲು. ಯಾರೂ ಅದನ್ನು ಮಾತಾಗಿಸಲಿಲ್ಲ, ಆದರೆ ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಬೆಳ್ಳಮ್ಮ ಬಾಯಿಗೆ ಸೆರಗು ಹಿಡಿದಿದ್ದನ್ನು ನಾನು ಕಂಡೆ. ಫ್ಲೆಕ್ಸು ಬಿಚ್ಚಿದಾಗ ತಾತ ಜಗುಲಿಯ ಉದ್ದಕ್ಕೂ ಮಲಗಿ ನಕ್ಕರು. ದೊಡ್ಡವ್ವ ಬಲಗಡೆ ಮೀಸೆಯ ಮೇಲೆ ಬೆರಳಾಡಿಸಿದರು.

"ಇಷ್ಟುದ್ದ ನಾನೆಲ್ಲಿ ಇಟ್ಕಳ್ಳಿ? ಮೊಕ ನಂಗೆ ಕೊಟ್ಬುಡು. ಪಂಚೆ ಅಂಗಿ ನೀವೇ ಇಟ್ಕಳಿ, ಕುಣೀರಿ."

ವನಜಾ ಬ್ಯಾಗಿನಿಂದ ಕಟ್ಟರ್ ತೆಗೆದಳು. ಅಂಗಡಿಯಲ್ಲಿ ಕತ್ತರಿಸಿ ಕತ್ತರಿಸಿ ಪಳಗಿದ ಕೈ. ಭುಜದ ಕೆಳಗೆ ಅಡ್ಡಕ್ಕೆ ಒಂದೇ ಗೀಟು. ತಾತನ ಮುಖ ಬೇರೆಯಾಗಿ ಬಂತು, ಅಂಚು ನೆಟ್ಟಗೆ. ಮೇಲೆ ಎರಡು ತೂತು ಮಾಡಿ, ಭಾವನ ಕಡೆ ತಿರುಗಿ, "ಅಣ್ಣ, ಎರಡು ಮೊಳೆ ತಂದುಕೊಡಿ," ಅಂದಳು. ಭಾವ ತಂದರು. ಹೊಡೆದಿದ್ದೂ ಅವರೇ. ಮುಖ ಈಗ ಜಗುಲಿಯ ಗೋಡೆಯ ಮೇಲಿದೆ, ತಾತ ಒರಗುತ್ತಿದ್ದ ಕಂಬದ ಪಕ್ಕ.

ಮಹದೇವಯ್ಯನವರ ಬಳಿ ಕೀ ಕೇಳಲು ಅಂದು ಸಂಜೆ ವನಜಾ ಹೋದಾಗ, ದೊಡ್ಡವ್ವ ಊರುಗೋಲು ಊರಿಕೊಂಡು ಹಿಂದೆಯೇ ಹೊರಟರು. ಕಾಲುವೆಯ ಹತ್ತಿರ ಬಂದು ನಮ್ಮ ದಡದಿಂದಲೇ ಕೂಗಿದರು, "ಮಹದೇವಯ್ಯ, ಕೀ ಕೊಡಪ್ಪ! ನಮ್ಮ ಮನೆಯೋನ ಪಂಚೆ ಬೀದೀಲೇ ಉಳ್ಕಂಬುಟ್ಟದೆ!" ಕಾಲೋನಿಯೆಲ್ಲ ನಕ್ಕಿತು. ಮಹದೇವಯ್ಯ ನಗುತ್ತಲೇ ಜೇಬಿಗೆ ಕೈ ಹಾಕಿದರು.

ಎಲ್ಲ ಮಕ್ಕಳೂ ಕೂಡಲೇ ವಾಪಸಾದರು ಎಂದು ಬರೆದರೆ ಸುಳ್ಳಾಗುತ್ತದೆ. ಬೆಳ್ಳಮ್ಮನ ಮೊಮ್ಮಗ ಇನ್ನೂ ಬಂದಿಲ್ಲ. ಉಳಿದವರು ಬಂದರು, ಕೆಲವರು ಮೊದಲಿಗಿಂತ ಬೇಗ, ಯಾಕೆಂದರೆ ಕಣದಲ್ಲಿ ಹೊಸ ಕೆಲಸವೊಂದು ಶುರುವಾಗಿತ್ತು. ಈಗ ಯಾವ ಫ್ಲೆಕ್ಸು ಬಂದರೂ ಬೋರಲು ಹಾಸುವುದಿಲ್ಲ. ಮೊದಲು ಮುಖ ಕತ್ತರಿಸಿ ತೆಗೆಯುತ್ತಾರೆ. ಕಣದ ತುಂಬ ಅಂಗಿ, ಹಾರ, ಮುಗಿದ ಕೈಗಳು, ಬೈಕಿನ ಚಕ್ರ. ತೂತುಗಳಿಗೆ ಅಂಟು ಪಟ್ಟಿ ಹಚ್ಚುತ್ತಾರೆ. ತೆಗೆದ ಮುಖಗಳನ್ನು ತೊಳೆದು, ಸುತ್ತಿ, ಭಾನುವಾರ ಅವರವರ ಮನೆಗೆ ಒಪ್ಪಿಸಿ ಬರುತ್ತಾರೆ. ಒಬ್ಬರಿಗೊಬ್ಬರು ಮಾತು ಬಿಟ್ಟ ಮನೆಗಳ ಅಂಗಳವನ್ನೂ ಮಕ್ಕಳು ತುಳಿಯುತ್ತಾರೆ. ಎರಡೂ ಬೀದಿಯವರು ಜೋಡಿಯಾಗಿ ಹೋಗಬೇಕು ಎಂಬುದು ವನಜಾಳ ಹೊಸ ನಿಯಮ.

ಬಸರಾಳು ಕಡೆಯ ಮುಖಂಡರೊಬ್ಬರಿಗೆ ಅವರ ಹುಟ್ಟುಹಬ್ಬದ ಮುಖ ಹೋದಾಗ, ಅವರು ಗಾಬರಿಯಾಗಿ, "ನಾನಿನ್ನೂ ಇದೀನಿ ಕಣ್ರೋ!" ಎಂದರಂತೆ. ಅದನ್ನು ಹೇಳುವಾಗ ಮಕ್ಕಳಿಗೆ ನಗು ತಡೆಯುವುದಿಲ್ಲ. ಅವರೇ ಮಂಡ್ಯದಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ಇವರನ್ನು ಕರೆಸಿದರು.

ಅಂದು ಬಸ್ಸಿನಲ್ಲಿ ದೊಡ್ಡವ್ವನೂ ಬಂದಿದ್ದರು. ವೇದಿಕೆಯ ನೆಲವೂ ಒರಟೇ. ವನಜಾ ಸುರುಳಿ ಬಿಚ್ಚಿದಳು. ಮುಖವಿಲ್ಲದ ನಿಂಗಯ್ಯ ತಾತ, ಬಿಳಿ ಅಂಗಿ, ಜರಿಯಂಚಿನ ಪಂಚೆ. ಮೋಕ್ಷಿತ ಕಣಕ್ಕಿಳಿಯುವ ಮೊದಲು ಕೆಳಗೆ ಕೂತಿದ್ದ ದೊಡ್ಡವ್ವನ ಕಡೆ ಕೂಗಿ ಕೇಳಿದಳು, "ಅಜ್ಜಿ, ಪಂಚೆ ಮೇಲೆ ನಿಂತ್ಕೊಳ್ಲಾ?"

"ನಿಂತ್ಕೊ ಮಗ!" ಅಂದರು ದೊಡ್ಡವ್ವ, ಸಭೆಗೆಲ್ಲ ಕೇಳುವಂತೆ. "ಜರಿ ಅತ್ರ ಜಾರ್ತದೆ, ವಸಿ ನೋಡ್ಕಂಡು!"

ಮಗಳು ಅಂಗೈ ಊರಿದಳು, ಕಾಲು ಮೇಲೆತ್ತಿದಳು. ಚಿಕ್ಕವನನ್ನು ಪಟ್ಟಲಮ್ಮನ ಕೈಗೆ ಕೊಟ್ಟು ನಾನೂ ಎದ್ದು ನಿಂತೆ. ಅವಳ ಕತ್ತು ಮೆತ್ತಗೇ ಇತ್ತು ಎಂದು ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು.